ಮೂರು ಬಾಟಲಿ ಹಾಲಿನ ತೀರ್ಪು

ಇಷ್ಟೆಲ್ಲ ರಾದ್ಧಾಂತಕ್ಕೆ ಮೂಲ ಕಾರಣ ಮೂರು ಹಾರನ್ನುಗಳು.

ಆ ಮೂರು ಅಂತಸ್ತಿನ ಕಟ್ಟಡಕ್ಕೆ ಇದ್ದದ್ದು ಒಂದೇ ಗೇಟು. ಬೆಳಗ್ಗೆ ಆರು ಹೊಡೆಯುವ ಹೊತ್ತಿಗೆ ಆ ಗೇಟಿನ ಮುಂದೆ ಮೂರು ಹಾಲಿನ ಗಾಡಿಗಳು ಮೂತಿಗೆ ಮೂತಿ ತಾಗಿಸಿ ನಿಂತು, ನೀ ಸರಿ ನೀ ಸರಿ ಎಂದು ಕಿರುಚಿಕೊಳ್ಳುತ್ತಿದ್ದವು. ಒಂದರಲ್ಲಿ ಗಾಜಿನ ಬಾಟಲಿಯ, ನಾಟಿ ಹಸುವಿನದೆಂದು ಮಾರುವ ದುಬಾರಿ ಎ-ಟು ಹಾಲು. ಅದನ್ನು ಕುಡಿಯುವವರು ಹಾಲು ಎಂಬ ಮಾತನ್ನೇ ಬಿಟ್ಟುಬಿಟ್ಟಿದ್ದರು. "ಒಂದು ಲೋಟ ಎ-ಟು ಕುಡಿದು ಬಂದೆ" ಎನ್ನುತ್ತಿದ್ದರು. ಇನ್ನೊಂದರಲ್ಲಿ ಎಲ್ಲರಿಗೂ ಗೊತ್ತಿರುವ ಪ್ಯಾಕೆಟ್ ಹಾಲು. ಮೂರನೆಯದರಲ್ಲಿ ಕೆನೆ ತೆಗೆದ ಹಾಲು. ಅದರ ರುಚಿ ಹೇಗಿರುತ್ತದೆ ಎಂದು ಕೇಳಬೇಕಾಗಿರಲಿಲ್ಲ, ಕುಡಿದವರ ಮುಖ ನೋಡಿದರೆ ಸಾಕಿತ್ತು.

ಹಾರನ್ನಿನ ಕಾಟ ತಾಳಲಾರದೆ ನಿವಾಸಿಗಳ ಸಂಘ ಸಭೆ ಸೇರಿ, ಇನ್ನು ಮುಂದೆ ಗೇಟಿನ ಹತ್ತಿರ ಒಂದೇ ಗಾಡಿ ಬರಬೇಕು, ಇಡೀ ಕಟ್ಟಡಕ್ಕೆ ಒಂದೇ ಹಾಲು ಎಂದು ನಿರ್ಣಯ ಮಾಡಿತು. ಯಾವ ಹಾಲು ಎಂಬಲ್ಲಿಗೆ ಬಂದಾಗ ಸಭೆ ಮುರಿದು ಬಿತ್ತು. ಸಂಘದ ಅಧ್ಯಕ್ಷರಾದ ನಿವೃತ್ತ ಡ್ರಿಲ್ ಮೇಷ್ಟ್ರು ಎ-ಟು ಕುಡಿದ ಮೇಲೆ ತಮ್ಮ ಮಂಡಿ ನೋವು ಮಾಯವಾಯಿತೆಂದು ಸಭೆಯ ನಡುವೆ ಎದ್ದು ನಿಂತು ಹತ್ತು ಬಸ್ಕಿ ಹೊಡೆದರು. ಹನ್ನೊಂದನೆಯದಕ್ಕೆ ಇಬ್ಬರು ಹಿಡಿದು ಎಬ್ಬಿಸಬೇಕಾಯಿತು. ಎರಡನೇ ಮಹಡಿಯ ನರ್ಸಮ್ಮ ಕೆನೆ ಎಂದರೆ ನೇರ ಹೃದಯಕ್ಕೆ ಬಡಿಯುವ ಕಲ್ಲು ಎಂದರು. ನೆಲಮಹಡಿಯ ಟೈಲರಮ್ಮ ಮಾತ್ರ ಮೆಲ್ಲಗೆ, "ನಮ್ಮ ಮೊಮ್ಮಗಳಿಗೆ ಪ್ಯಾಕೆಟ್ ಹಾಲು ಒಂದೇ ಹೊಟ್ಟೇಲಿ ನಿಲ್ಲೋದು ಸಾರ್, ಅದನ್ನ ತಪ್ಪಿಸಬೇಡಿ" ಎಂದಳು. ಅವಳ ಮಾತು ಅವಳ ಮಶೀನಿನ ಸದ್ದಿಗಿಂತ ಮೆತ್ತಗಿತ್ತು, ಯಾರಿಗೂ ಕೇಳಿಸಲಿಲ್ಲ.

"ಸುಮ್ನೆ ಯಾಕೆ ಜಗಳ? ನಮ್ಮಲ್ಲೇ ವಿಜ್ಞಾನಿ ಇದ್ದಾರಲ್ಲ! ಲ್ಯಾಬ್ ಸಾರ್ ಪರೀಕ್ಷೆ ಮಾಡಿ ಹೇಳ್ಲಿ. ಅವರು ಹೇಳಿದ್ದೇ ಕೊನೆ ಮಾತು" ಎಂದರು ಡ್ರಿಲ್ ಮೇಷ್ಟ್ರು.

ಲ್ಯಾಬ್ ಸಾರ್ ಎಂದರೆ ಮೊದಲ ಮಹಡಿಯ ಎಡಗಡೆಯ ಮನೆಯವರು. ಹಾಲಿನ ಡೈರಿಯ ಪರೀಕ್ಷಾ ಕೊಠಡಿಯಲ್ಲಿ ಹತ್ತೊಂಬತ್ತು ವರ್ಷದಿಂದ ಕೆಲಸ. ಆ ಕೊಠಡಿಯಲ್ಲಿ ಅವರು ಮಾಡುವುದೇನು ಎಂದು ಯಾರೂ ಕೇಳಿರಲಿಲ್ಲ, ಅವರಾಗಿ ಹೇಳಿರಲೂ ಇಲ್ಲ. ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ ಎನ್ನಿ. ಟ್ಯಾಂಕರುಗಳಿಂದ ಬಂದ ಸ್ಯಾಂಪಲ್ ಬಾಟಲಿಗಳಿಗೆ ನಂಬರಿನ ಚೀಟಿ ಬರೆದು ಅಂಟಿಸುವುದು, ಹಾಲನ್ನು ಪುಟ್ಟ ಕಪ್ಪುಗಳಿಗೆ ಸುರಿದು ಕೆಮಿಸ್ಟ್ ಮೇಡಂ ಮೇಜಿನ ಮೇಲೆ ಸಾಲಾಗಿ ಇಡುವುದು, ಆಮೇಲೆ ಬಾಟಲಿ ತೊಳೆಯುವುದು. ಹುದ್ದೆಯ ಹೆಸರು ಲೇಬಲ್ ಗುಮಾಸ್ತ. ಕೆಲಸದಲ್ಲಿ ನಾಚಿಕೆಪಡುವಂಥದ್ದು ಏನೇನೂ ಇರಲಿಲ್ಲ. ಅವರ ಅಕ್ಷರ ಮುತ್ತು ಪೋಣಿಸಿದಂತೆ ಇತ್ತು. ಆದರೆ ಈ ಕಟ್ಟಡಕ್ಕೆ ಬಂದ ವಾರದಲ್ಲೇ ಯಾರೋ ಮೆಟ್ಟಿಲ ಮೇಲೆ "ಲ್ಯಾಬ್ ಸಾರ್" ಎಂದು ಕೂಗಿದರು, ಇವರು ತಿರುಗಿ ನೋಡಿದರು. ಅಲ್ಲಿಗೆ ಮುಗಿಯಿತು.

ಅಂದಿನಿಂದ ಸಭೆಗಳಲ್ಲಿ ಅವರಿಗೆ ಮುಂದಿನ ಸಾಲಿನ ಕುರ್ಚಿ. ಮೊಸರು ಹುಳಿಯಾದರೆ, ಮಗುವಿಗೆ ಹೊಟ್ಟೆ ನೋವಾದರೆ, ಹಾಲು ಉಕ್ಕದೆ ಸುಮ್ಮನೆ ಕೂತರೆ ಎಲ್ಲರೂ ಅವರ ಬಾಗಿಲಿಗೆ. ಅವರೂ ಕೈ ಹಿಂದಕ್ಕೆ ಕಟ್ಟಿಕೊಂಡು, "ನೋಡಿ, ಹಾಲಿನ ಅಣು ಅನ್ನೋದು ಬಹಳ ಸೂಕ್ಷ್ಮ" ಎಂದು ಶುರು ಮಾಡಿ ಕಾಲು ಗಂಟೆ ಕೊರೆಯುತ್ತಿದ್ದರು. ಕೇಳಿದವರಿಗೂ ಏನೂ ತಿಳಿಯುತ್ತಿರಲಿಲ್ಲ, ಹೇಳಿದವರಿಗೂ ತಿಳಿಯುತ್ತಿರಲಿಲ್ಲ. ಆದ್ದರಿಂದ ಅದು ವಿಜ್ಞಾನವೇ ಇರಬೇಕು ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ಆ ಮುಂದಿನ ಸಾಲಿನ ಕುರ್ಚಿಯೊಂದು ಇಲ್ಲವಾದರೆ ತಮ್ಮ ಬದುಕಿನಲ್ಲಿ ಉಳಿಯುವುದು ಅಂಟಿನ ಡಬ್ಬಿಯೊಂದೇ ಎಂದು ಲ್ಯಾಬ್ ಸಾರ್‌ಗೆ ಚೆನ್ನಾಗಿ ಗೊತ್ತಿತ್ತು.

ಹಾಗಾಗಿ ಅವರು ಪರೀಕ್ಷೆಗೆ ಒಪ್ಪಿದರು. ಆಫೀಸಿನಿಂದ ರಬ್ಬರ್ ಬಿರಡೆಯ ಮೂರು ಸ್ಯಾಂಪಲ್ ಬಾಟಲಿ ತಂದು, ಒಂದು, ಎರಡು, ಮೂರು ಎಂದು ಚೀಟಿ ಅಂಟಿಸಿ, ಮೂರು ಮನೆಗೂ ಹಂಚಿದರು. ಮಾರನೆಯ ದಿನ ಬೆಳಗ್ಗೆ ಆರೂಕಾಲಿಗೆ ಮೂರೂ ಬಾಟಲಿಗಳು ತುಂಬಿಕೊಂಡು ಬಂದು ಅವರ ಅಡುಗೆಮನೆಯ ಕಟ್ಟೆ ಮೇಲೆ ಕೂತವು. ಒಂದು ನಂಬರಿನದು ಡ್ರಿಲ್ ಮೇಷ್ಟ್ರ ಎ-ಟು, ಎರಡು ಟೈಲರಮ್ಮನ ಪ್ಯಾಕೆಟ್ಟು, ಮೂರು ನರ್ಸಮ್ಮನ ಕೆನೆ ತೆಗೆದದ್ದು. ತೀರ್ಪು ಅದೇ ಸಂಜೆ ಐದೂವರೆಗೆ.

"ರೀ, ಗೇಟಿನ ಹತ್ರ ನಮ್ಮ ಹಾಲಿನ ಚೀಲ ಇಲ್ಲ. ಇವತ್ತೂ ಯಾರೋ ತಮ್ದು ಅಂದ್ಕೊಂಡು ಒಯ್ದಿದ್ದಾರೆ" ಎಂದಳು ಹೆಂಡತಿ. ಎಲ್ಲ ಮನೆಯವರೂ ಗೇಟಿನ ಮೊಳೆಗೆ ಒಂದೇ ಥರದ ಬಟ್ಟೆ ಚೀಲ ನೇತು ಹಾಕುತ್ತಿದ್ದರು. ಹಾಲಿನವನು ಅದರಲ್ಲಿ ಹಾಕಿ ಹೋಗುತ್ತಿದ್ದ, ಕಣ್ಣುಜ್ಜಿಕೊಂಡು ಬಂದವರು ಸಿಕ್ಕಿದ್ದನ್ನು ಎತ್ತಿಕೊಂಡು ಹೋಗುತ್ತಿದ್ದರು.

"ಅದನ್ನೆಲ್ಲ ನನ್ನ ಹತ್ರ ಹೇಳಿ ತಲೆ ತಿನ್ಬೇಡ. ಇವತ್ತು ನನ್ನ ತಲೇಲಿ ಎಷ್ಟು ಭಾರ ಇದೆ ಗೊತ್ತಾ? ಸ್ನಾನ ಮುಗಿಸಿ ಬರೋದ್ರಲ್ಲಿ ಕಾಫಿ ಇರ್ಬೇಕು" ಎಂದು ಲ್ಯಾಬ್ ಸಾರ್ ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ನಡೆದರು.

ಬರುವಷ್ಟರಲ್ಲಿ ಕಾಫಿ ಇತ್ತು. ಇಬ್ಬರು ಮಕ್ಕಳು ಮೇಜಿಗೆ ಕೂತು ಮೂತಿಯ ಮೇಲೆ ಬಿಳಿ ಮೀಸೆ ಮೂಡಿಸಿಕೊಂಡು ಹಾಲು ಕುಡಿಯುತ್ತಿದ್ದರು. ಲ್ಯಾಬ್ ಸಾರ್ ಒಂದು ಗುಟುಕು ಹೀರಿ, ನಾಲಗೆಯನ್ನು ಅಂಗುಳಕ್ಕೆ ತಾಗಿಸಿ ಚಪ್ಪರಿಸಿದರು.

"ನೋಡಿದ್ಯಾ, ಇದೇ ನಮ್ಮ ಪ್ಯಾಕೆಟ್ ಹಾಲು. ಒಂದೇ ಗುಟುಕಿಗೆ ಹೇಳಿಬಿಡ್ತೀನಿ. ಎ-ಟು ಆಗಿದ್ರೆ ಗಂಟಲಲ್ಲಿ ಒಂದು ಸ್ವಲ್ಪ ಭಾರ ಬರ್ತಿತ್ತು. ಕೆನೆ ತೆಗೆದದ್ದು ಆಗಿದ್ರೆ ತುಟಿ ದಾಟೋಕೆ ಮುಂಚೆ ಗೊತ್ತಾಗ್ತಿತ್ತು. ಹತ್ತೊಂಬತ್ತು ವರ್ಷದ ಅನುಭವ ಅಂದ್ರೆ ತಮಾಷೆಯಲ್ಲ."

ಹೆಂಡತಿ ಸೆರಗಿನಿಂದ ಕೈ ಒರೆಸಿಕೊಂಡಳು. "ರೀ, ಆ ಬಾಟಲಿಗಳ ವಿಷಯ ಒಂದು ಮಾತು..."

"ಬಾಟಲಿ ವಿಷಯ ನಿನಗೆ ಬೇಡ. ಅದು ವಿಜ್ಞಾನ."

"ಅಲ್ಲಾ, ಸ್ವಲ್ಪ ಕೇಳ್ರೀ..."

"ನಿನಗೆ ಹೇಳಿದ್ರೆ ಅರ್ಥ ಆಗಲ್ಲ, ನೀನು ಹೇಳಿದ್ರೆ ನನಗೆ ಹೊತ್ತಾಗುತ್ತೆ" ಎಂದು ಲ್ಯಾಬ್ ಸಾರ್ ಎರಡನೆಯ ಲೋಟಕ್ಕೆ ಕೈ ಚಾಚಿದರು.

ಅವಳು ಎರಡನೆಯ ಲೋಟ ಕೊಟ್ಟು ಮಕ್ಕಳ ಕಡೆ ತಿರುಗಿದಳು. ಲ್ಯಾಬ್ ಸಾರ್ ಅಂಗಿ ತೊಟ್ಟು ಬರುವಾಗ ಕಟ್ಟೆಯ ಮೇಲೆ ಮೂರೂ ಬಾಟಲಿಗಳು ಕತ್ತಿನ ಮಟ್ಟಕ್ಕೆ ಸಮನಾಗಿ ತುಂಬಿ, ಡ್ರಿಲ್ಲಿಗೆ ನಿಂತ ಹುಡುಗರಂತೆ ಸಾಲಾಗಿ ನಿಂತಿದ್ದವು. ಅವನ್ನು ಚೀಲಕ್ಕೆ ಹಾಕಿಕೊಂಡು ಹೊರಟರು. ಮೆಟ್ಟಿಲ ಕೆಳಗೆ ಡ್ರಿಲ್ ಮೇಷ್ಟ್ರು ಕಾದಿದ್ದರು.

"ಒಂದನೇ ನಂಬರು, ಸಾರ್" ಎಂದು ಕಿವಿಯಲ್ಲಿ ಉಸುರಿದರು. "ನಾನೇನೂ ಒತ್ತಾಯ ಮಾಡ್ತಿಲ್ಲ. ವಿಜ್ಞಾನ ಏನು ಹೇಳುತ್ತೋ ಅದೇ ಆಗ್ಲಿ. ಆದ್ರೆ ಮುಂದಿನ ತಿಂಗಳು ಸಂಘಕ್ಕೆ ಒಬ್ಬ ಉಪಾಧ್ಯಕ್ಷರು ಬೇಕು. ನಿಮ್ಮಂಥೋರು ಇದ್ರೆ ಸಂಘಕ್ಕೆ ಒಂದು ತೂಕ."

ಲ್ಯಾಬ್ ಸಾರ್‌ಗೆ ಬಸ್ ಸ್ಟಾಪಿನವರೆಗೂ ಕಾಲು ನೆಲಕ್ಕೆ ತಾಗಲಿಲ್ಲ.

ಪರೀಕ್ಷಾ ಕೊಠಡಿಯಲ್ಲಿ ಮನೆಯ ಹಾಲನ್ನು ಪರೀಕ್ಷೆ ಮಾಡುವಂತಿಲ್ಲ. ಕೆಮಿಸ್ಟ್ ಮೇಡಂ ಮುಂದೆ ಕೈ ಹೊಸೆಯುತ್ತ ನಿಂತು, ಮಕ್ಕಳ ಆರೋಗ್ಯ, ಕಟ್ಟಡದ ಶಾಂತಿ ಎಂದೆಲ್ಲ ಹೇಳಿದ ಮೇಲೆ, ಊಟದ ವೇಳೆಯಲ್ಲಿ ಹತ್ತು ನಿಮಿಷ ಕೊಡುತ್ತೇನೆ ಎಂದು ಅವರು ಒಪ್ಪಿದರು. ಮೇಡಂ ವಯಸ್ಸಿನಲ್ಲಿ ಇವರಿಗಿಂತ ಹದಿನೈದು ವರ್ಷ ಚಿಕ್ಕವರು. ಮಾತು ಮಾತ್ರ ನಿಂಬೆಹಣ್ಣು ಹಿಂಡಿದ ಹಾಗೆ.

ಮಧ್ಯಾಹ್ನ ಲ್ಯಾಬ್ ಸಾರ್ ಮೂರು ಕಪ್ಪು ಸಾಲಾಗಿ ಇಟ್ಟು ಬಾಟಲಿಗಳ ಹಾಲು ಸುರಿಯತೊಡಗಿದರು. ಅಷ್ಟರಲ್ಲಿ ಅಟೆಂಡರ್ ಬಾಗಿಲಿಗೆ ಒರಗಿ ನಿಂತು, "ಏನ್ ಸಾರ್, ಇವತ್ತು ಊಟಕ್ಕೂ ಹೋಗಿಲ್ಲ?" ಎಂದು ಕೇಳಿದ. ಕೇಳುವವನೊಬ್ಬ ಸಿಕ್ಕರೆ ಲ್ಯಾಬ್ ಸಾರ್ ಬಾಯಿಗೆ ಬಿರಡೆ ಎಲ್ಲಿಯದು? ಉಪಾಧ್ಯಕ್ಷ ಪದವಿ ಹೇಗೆ ತಾನಾಗಿಯೇ ತಮ್ಮನ್ನು ಹುಡುಕಿಕೊಂಡು ಬಂತು, ತಾವು ಹೇಗೆ ಬೇಡ ಬೇಡ ಎಂದರು, ಎಲ್ಲ ಹೇಳುತ್ತ ಹೇಳುತ್ತ ಸುರಿದರು. ಸುರಿದು ಮುಗಿಸಿ, ಕೈಯ ಅಭ್ಯಾಸದಂತೆ ಬಾಟಲಿಗಳನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದು ಬೋರಲು ಹಾಕಿದರು.

ಮೇಡಂ ಒಂದೊಂದೇ ಕಪ್ಪನ್ನು ಯಂತ್ರದ ಕೊಳವೆಗೆ ಒಡ್ಡಿದರು. ಯಂತ್ರ ಗೊರ್ ಎಂದು ಹೀರಿ, ನಾಲಗೆ ಚಾಚಿದಂತೆ ಚೀಟಿ ಹೊರಹಾಕಿತು. ಮೇಡಂ ಅದನ್ನು ಓದಿ ಕನ್ನಡಕ ಮೇಲೆ ಸರಿಸಿದರು.

"ಮೂರೂ ಒಂದೇ."

"ಅಂದ್ರೆ?"

"ಕೊಬ್ಬು ಮೂರು ಪಾಯಿಂಟ್ ಒಂದು, ಮೂರು ಪಾಯಿಂಟ್ ಒಂದು, ಮೂರು ಪಾಯಿಂಟ್ ಒಂದು. ಉಳಿದ ಸತ್ವ ಎಂಟೂವರೆ, ಎಂಟೂವರೆ, ಎಂಟೂವರೆ. ನೀರು ಬೆರೆಸಿಲ್ಲ. ಒಳ್ಳೇ ಹಾಲು. ಆದ್ರೆ ಒಂದೇ ಹಾಲು."

"ಅದು ಹೇಗೆ ಮೇಡಂ? ಮೂರನೇದು ಕೆನೆ ತೆಗೆದದ್ದು. ಅದ್ರಲ್ಲಿ ಕೊಬ್ಬೇ ಇರಬಾರದು!"

ಮೇಡಂ ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿದರು. "ಹೋದ ತಿಂಗಳು ಎರಡು ಟ್ಯಾಂಕರಿನ ಹಾಲು ಹೇಗೆ ಒಂದೇ ಆಗಿತ್ತು? ಮಾತಾಡ್ತಾ ಮಾತಾಡ್ತಾ ಒಂದೇ ಬಾಟಲಿಯಿಂದ ಎರಡು ಕಪ್ಪಿಗೂ ಸುರಿದಿದ್ರಿ. ಇವತ್ತು ಮೂರಕ್ಕೂ ಸುರಿದಿದ್ದೀರಿ. ಪ್ರಗತಿ ಆಗಿದೆ."

ಲ್ಯಾಬ್ ಸಾರ್ ಬಾಟಲಿಗಳತ್ತ ತಿರುಗಿದರು. ಬೋರಲು ಹಾಕಿದ ಮೂರು ಬಾಟಲಿಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಒಂದು ಹನಿ ಹಾಲೂ ಉಳಿದಿರಲಿಲ್ಲ.

"ಹೋಗ್ಲಿ ಮೇಡಂ, ನೀವೇ ಹೇಳಿಬಿಡಿ. ಎ-ಟು ಒಳ್ಳೇದಾ, ಪ್ಯಾಕೆಟ್ ಒಳ್ಳೇದಾ?"

"ಮೂರೂ ಸರಿಯಾಗಿ ಸುರಿದಿದ್ರೂ ಈ ಯಂತ್ರಕ್ಕೆ ಅದು ಗೊತ್ತಾಗ್ತಿರಲಿಲ್ಲ. ಇದು ಕೊಬ್ಬು ಅಳೆಯುತ್ತೆ, ಹಸುವಿನ ಕುಲ ಗೋತ್ರ ಕೇಳಲ್ಲ" ಎಂದು ಮೇಡಂ ಊಟದ ಡಬ್ಬಿ ಬಿಚ್ಚಿದರು. "ಹಾಲಿನಲ್ಲಿ ಒಂದು ಪ್ರೋಟೀನ್ ಇದೆ. ಇನ್ನೂರ ಚಿಲ್ಲರೆ ಮಣಿ ಪೋಣಿಸಿದ ಸರ ಅಂದ್ಕೊಳ್ಳಿ. ಮಾಮೂಲಿ ಹಾಲಲ್ಲಿ ಬರೋ ಎ-ಒನ್ನಿಗೂ ಎ-ಟುಗೂ ಆ ಸರದಲ್ಲಿ ಒಂದೇ ಒಂದು ಮಣಿ ವ್ಯತ್ಯಾಸ. ಕೆಲವರಿಗೆ ಎ-ಟು ಕುಡಿದ್ರೆ ಹೊಟ್ಟೆ ಉಬ್ಬರ ಕಡಿಮೆ ಅನ್ಸುತ್ತೆ. ಇರಬಹುದು. ಮಂಡಿ ನೋವು ಹೋಗುತ್ತೆ, ಆಯುಸ್ಸು ಬೆಳೆಯುತ್ತೆ ಅನ್ನೋದಕ್ಕೆಲ್ಲ ಗಟ್ಟಿ ಪುರಾವೆ ಇಲ್ಲ. ಕ್ಯಾಲ್ಸಿಯಂ ಎರಡರಲ್ಲೂ ಹೆಚ್ಚುಕಡಿಮೆ ಅಷ್ಟೇ. ಹಾಲಿನ ಸಕ್ಕರೆ ಅರಗದೇ ಇರೋರಿಗೆ ಎರಡೂ ಒಂದೇ, ಹೊಟ್ಟೆ ಗುಡುಗೋದು ಗುಡುಗುತ್ತೆ."

"ಕೆನೆ ತೆಗೆದದ್ದು?"

"ಕೊಬ್ಬು ಕಡಿಮೆ, ಉಳಿದದ್ದು ಹಾಗೇ ಇರುತ್ತೆ. ತೂಕ ನೋಡ್ಕೊಳ್ಳೋ ದೊಡ್ಡೋರಿಗೆ ಆಗುತ್ತೆ. ತೀರಾ ಪುಟ್ಟ ಮಕ್ಕಳಿಗೆ ಕೆನೆ ಇರೋದೇ ಸರಿ. ಹಸಿ ಹಾಲು ಕುಡಿಯೋ ಹುಚ್ಚು ಇದ್ರೆ ಅದನ್ನ ಮೊದಲು ಬಿಡ್ಸಿ. ಇಷ್ಟು ತಿಳಿಯೋಕೆ ಹತ್ತೊಂಬತ್ತು ವರ್ಷ ಇಲ್ಲಿ ಕೂರಬೇಕಾಗಿರಲಿಲ್ಲ ಸಾರ್, ಯಾರನ್ನಾದ್ರೂ ಒಂದು ಸಲ ಕೇಳಿದ್ರೆ ಸಾಕಿತ್ತು."

ಆಮೇಲೆ ಮೇಡಂ ಚೀಟಿಗೆ ಸಹಿ ಹಾಕಿ ಇವರತ್ತ ತಳ್ಳಿದರು. ಚೀಟಿಯ ಕೆಳಗೆ ಇನ್ನೊಂದು ಸಹಿಯ ಜಾಗವಿತ್ತು. ದಿನಕ್ಕೆ ನಲವತ್ತು ಸಲ ಮಾಡುವ ಕೆಲಸ, ಲ್ಯಾಬ್ ಸಾರ್ ನೋಡದೆಯೇ ಅಲ್ಲಿ ಸಹಿ ಗೀಚಿ ಮಡಿಸಿ ಜೇಬಿಗೆ ಇಟ್ಟುಕೊಂಡರು.

ಆ ಮಧ್ಯಾಹ್ನ ಅವರು ಇಪ್ಪತ್ತೇಳು ಬಾಟಲಿಗೆ ಚೀಟಿ ಅಂಟಿಸಿದರು, ನಾಲ್ಕು ತಲೆಕೆಳಗಾದವು. ಸಂಜೆ ಹೋಗಿ, "ಹಾಲು ಸುರಿಯುವಾಗ ತಪ್ಪಾಯ್ತು, ನಾಳೆ ಇನ್ನೊಮ್ಮೆ ಕೊಡಿ" ಎಂದರೆ ಮುಗಿಯುತ್ತಿತ್ತು. ಒಬ್ಬ ಸಾಧಾರಣ ಮನುಷ್ಯ ಹಾಗೆಯೇ ಹೇಳುತ್ತಿದ್ದ. ಆದರೆ ವಿಜ್ಞಾನಿಗೆ ಕೈತಪ್ಪು ಉಂಟೆ? ಉಪಾಧ್ಯಕ್ಷನಿಗೆ ಉಂಟೆ? ಒಂದು ಎಳೆ ಬಿಚ್ಚಿದರೆ ಯಾರು ಸುರಿದರು, ಯಾಕೆ ಸುರಿದರು, ನೀವೇ ಯಾಕೆ ಸುರಿಯಬೇಕು ಎಂದು ಇಡೀ ಹೊಲಿಗೆ ಬಿಚ್ಚಿಹೋಗುತ್ತದೆ.

ಮನೆಗೆ ಹೋಗುವ ಬಸ್ಸಿಗೆ ಮುಂಚೆ ಅವರು ಆಫೀಸಿನ ಒಳ್ಳೆಯ ಕಾಗದ ಒಂದನ್ನು ತೆಗೆದುಕೊಂಡು ತೀರ್ಪು ಬರೆದು ಕೆಳಗೆ ಸಹಿ ಹಾಕಿದರು. ಡ್ರಿಲ್ ಮೇಷ್ಟ್ರು ಅಧ್ಯಕ್ಷರು, ಅವರ ಹಾಲು ಗೆಲ್ಲಬೇಕು. ನರ್ಸಮ್ಮ ಇಂಜೆಕ್ಷನ್ ಕೊಡುವವರು, ಅವರನ್ನು ಎದುರು ಹಾಕಿಕೊಳ್ಳಬಾರದು. ಉಳಿದದ್ದು ಟೈಲರಮ್ಮ. ಅವಳು ಇವರ ಪ್ಯಾಂಟಿನ ಅಂಚು ಮಡಿಸಿ ಹೊಲಿದುಕೊಟ್ಟು, "ಇರಲಿ ಬಿಡಿ ಸಾರ್" ಎನ್ನುವವಳು. ಸೋಲಿಸಲು ಇಂಥವರೇ ಅನುಕೂಲ ಎಂದು ದೊಡ್ಡ ಮನುಷ್ಯರಿಗೆಲ್ಲ ಹುಟ್ಟಿನಿಂದ ಗೊತ್ತಿರುತ್ತದೆ. ಲ್ಯಾಬ್ ಸಾರ್‌ಗೆ ಆ ದಿನ ಗೊತ್ತಾಯಿತು.

ಐದೂವರೆಗೆ ನೆಲಮಹಡಿಯ ಸೈಕಲ್ ನಿಲ್ಲಿಸುವ ಜಾಗದಲ್ಲಿ ಹನ್ನೆರಡು ಮನೆಯವರೂ ಸೇರಿದ್ದರು. ಡ್ರಿಲ್ ಮೇಷ್ಟ್ರು ಸೀಟಿ ಊದಿದರು. ಲ್ಯಾಬ್ ಸಾರ್ ಮುಂದಿನ ಸಾಲಿನ ಕುರ್ಚಿಯಿಂದ ಎದ್ದು, ಕಾಗದ ಬಿಡಿಸಿ, ಗಂಟಲು ಸರಿ ಮಾಡಿಕೊಂಡರು. ಹೆಂಡತಿ ಹಿಂದಿನ ಸಾಲಿನಲ್ಲಿ ಟೈಲರಮ್ಮನ ಪಕ್ಕ ಕೂತಿದ್ದಳು. ಟೈಲರಮ್ಮನ ತೊಡೆಯ ಮೇಲೆ ಮೂರು ವರ್ಷದ ಮೊಮ್ಮಗಳು ಗುಂಡಿಯೊಂದನ್ನು ಉರುಳಿಸುತ್ತಿದ್ದಳು.

"ಬಾಟಲಿ ಒಂದು" ಎಂದು ಲ್ಯಾಬ್ ಸಾರ್ ಓದಿದರು. "ಅತ್ಯುತ್ತಮ. ಅಣುಗಳು ಸುವ್ಯವಸ್ಥಿತವಾಗಿವೆ. ಸಂಧಿಗಳಿಗೆ ಬಲದಾಯಕ."

ಡ್ರಿಲ್ ಮೇಷ್ಟ್ರು ಮಂಡಿ ತಟ್ಟಿಕೊಂಡರು. "ನಾನು ಹೇಳ್ಲಿಲ್ವಾ!"

"ಬಾಟಲಿ ಮೂರು. ಉತ್ತಮ. ಕೊಬ್ಬಿನ ಲವಲೇಶವೂ ಇಲ್ಲ. ಹೃದಯಕ್ಕೆ ಹಿತಕರ. ಬಾಟಲಿ ಎರಡು." ಇಲ್ಲಿ ಅವರು ಹಿಂದಿನ ಸಾಲಿನತ್ತ ನೋಡಲಿಲ್ಲ. "ಕಳಪೆ. ನೂರಕ್ಕೆ ಹನ್ನೆರಡು ಭಾಗ ನೀರು. ಸಾಬೂನಿನ ಅಂಶದ ಛಾಯೆ ಕಂಡುಬಂದಿದೆ. ಮಕ್ಕಳಿಗೆ ಸಲ್ಲದು."

ಎಲ್ಲರೂ ಒಟ್ಟಿಗೆ ಬಾಯಿ ಬಿಟ್ಟರು. ನಮಗೆ ಮೊದಲೇ ಅನುಮಾನ ಇತ್ತು ಎಂದರು, ಪಾತ್ರೆ ತೊಳೆಯುವಾಗ ನೊರೆ ಬರುತ್ತಿತ್ತು ಎಂದರು. ಹತ್ತು ವರ್ಷದಿಂದ ಅದೇ ಹಾಲು ಕುಡಿದು ಗುಂಡುಕಲ್ಲಿನಂತೆ ಇದ್ದ ಒಬ್ಬರು ತಮಗೆ ಈಗಲೇ ಹೊಟ್ಟೆ ತೊಳಸುತ್ತಿದೆ ಎಂದು ಗೋಡೆ ಹಿಡಿದುಕೊಂಡರು.

ಟೈಲರಮ್ಮ ಮಗುವನ್ನು ಎದೆಗೆ ಅವುಚಿಕೊಂಡಿದ್ದಳು. "ಸೋಪಿನ ಹಾಲಾ?" ಎಂದಳು. "ಮೂರು ವರ್ಷದಿಂದ ನಾನು ಕೈಯಾರೆ ಸೋಪಿನ ಹಾಲು ಕುಡಿಸಿದ್ನಾ ಇದಕ್ಕೆ? ಅದಕ್ಕೇ ಇದು ಹೀಗೆ ಕಡ್ಡಿ ಹಾಗಿದೆಯಾ?" ಅವಳ ಗಲ್ಲದ ಮೇಲೆ ನೀರು ಇಳಿಯಿತು. ಮಗು ಗುಂಡಿ ಬಿಟ್ಟು ಅಜ್ಜಿಯ ಮುಖ ನೋಡಿತು.

ಹಿಂದಿನ ಸಾಲಿನಲ್ಲಿ ಒಂದು ಕುರ್ಚಿ ಕರ್ರ್ ಎಂದಿತು. ಲ್ಯಾಬ್ ಸಾರ್ ಹೆಂಡತಿ ಎದ್ದು ನಿಂತಿದ್ದಳು.

"ಅಕ್ಕಾ, ಅಳಬೇಡಿ. ನಿಮ್ಮ ಹಾಲಲ್ಲಿ ಏನೂ ಇಲ್ಲ. ನಿಮ್ಮ ಹಾಲು ಲ್ಯಾಬಿಗೆ ಹೋಗೇ ಇಲ್ಲ."

"ಏನು?" ಎಂದರು ಡ್ರಿಲ್ ಮೇಷ್ಟ್ರು.

"ಯಾರದ್ದೂ ಹೋಗಿಲ್ಲ ಮೇಷ್ಟ್ರೇ. ಬೆಳಗ್ಗೆ ನಮ್ಮ ಹಾಲಿನ ಚೀಲ ಯಾರೋ ತಪ್ಪಾಗಿ ಒಯ್ದಿದ್ರು. ಮಕ್ಕಳಿಗೆ ಶಾಲೆಗೆ ಹೊತ್ತಾಗಿತ್ತು, ಇವರಿಗೆ ಕಾಫಿ ಬೇಕಿತ್ತು. ಕಟ್ಟೆ ಮೇಲೆ ಮೂರು ಬಾಟಲಿ ಹಾಲು ಇತ್ತು. ಮೂರನ್ನೂ ಒಂದೇ ಪಾತ್ರೆಗೆ ಸುರಿದು ಕಾಯಿಸಿಬಿಟ್ಟೆ. ಆಮೇಲೆ ನಮ್ಮ ಚೀಲ ವಾಪಸ್ ಬಂತು, ಇವರು ಸ್ನಾನ ಮಾಡಿ ಬರೋದ್ರಲ್ಲಿ ನಮ್ಮ ಪ್ಯಾಕೆಟ್ ಒಡೆದು ಮೂರು ಬಾಟಲಿಗೂ ತುಂಬಿಸಿಟ್ಟೆ. ಹೇಳೋಕೆ ಹೋದೆ. ಅದು ವಿಜ್ಞಾನ, ನಿನಗೆ ಅರ್ಥ ಆಗಲ್ಲ ಅಂದ್ರು."

ಟೈಲರಮ್ಮನ ತೊಡೆಯಿಂದ ಜಾರಿದ ಮಗುವಿನ ಗುಂಡಿ ಟಣ್ ಎಂದು ಬಿದ್ದು ಉರುಳಿಕೊಂಡು ಹೋಯಿತು.

ನರ್ಸಮ್ಮ ಮೊದಲು ಚೇತರಿಸಿಕೊಂಡರು. "ಅಂದ್ರೆ ಮೂರು ಬಾಟಲೀಲೂ ಇದ್ದದ್ದು ನಿಮ್ಮನೆ ಪ್ಯಾಕೆಟ್ ಹಾಲು. ಅದೇ ಹಾಲಿಗೆ ಒಂದು ಕಡೆ ಅಣು ಸುವ್ಯವಸ್ಥಿತ, ಒಂದು ಕಡೆ ಸೋಪು. ಭಲೇ ಲ್ಯಾಬ್ ಸಾರ್! ಒಂದೇ ಪ್ಯಾಕೆಟ್ಟಿನಲ್ಲಿ ಎಷ್ಟೆಲ್ಲ ಕಂಡುಹಿಡಿದ್ರಿ!"

ಕಟ್ಟಡವೇ ನಕ್ಕಿತು. ಹೊಟ್ಟೆ ತೊಳಸುತ್ತಿದ್ದವರು ಗೋಡೆ ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು. ಲ್ಯಾಬ್ ಸಾರ್ ಮುಖ ಇಂಗು ತಿಂದ ಮಂಗನಂತೆ ಆಗಿತ್ತು. ಬೆಳಗ್ಗೆ ಹೀರಿದ ಎರಡು ಲೋಟ ಕಾಫಿಯಲ್ಲಿ ಎ-ಟು, ಪ್ಯಾಕೆಟ್ಟು, ಕೆನೆ ತೆಗೆದದ್ದು ಮೂರೂ ಬೆರೆತ ಹಾಲನ್ನು ಅವರ ಹತ್ತೊಂಬತ್ತು ವರ್ಷದ ನಾಲಗೆ ಚಪ್ಪರಿಸಿತ್ತು.

ಆಗ ಅವರಿಗೆ ತಟ್ಟನೆ ಜೇಬಿನಲ್ಲಿದ್ದ ಚೀಟಿ ನೆನಪಾಯಿತು. ಅಯ್ಯೋ, ತಾವು ಸರಿಯಾಗಿಯೇ ಸುರಿದಿದ್ದರಲ್ಲ! ಯಂತ್ರ ಸರಿಯಾಗಿಯೇ ಹೇಳಿತ್ತಲ್ಲ! ಇಡೀ ದಿನದಲ್ಲಿ ತಪ್ಪಿಲ್ಲದೆ ನಡೆದ ಒಂದೇ ಕೆಲಸವೆಂದರೆ ತಮ್ಮದು! ಮುಳುಗುವವನಿಗೆ ಹಗ್ಗ ಸಿಕ್ಕಂತೆ ಆಯಿತು. ಅದರ ಇನ್ನೊಂದು ತುದಿ ಎಲ್ಲಿ ಕಟ್ಟಿದೆ ಎಂದು ನೋಡುವ ವ್ಯವಧಾನ ಇರಲಿಲ್ಲ.

"ನಿಲ್ಲಿಸಿ!" ಎಂದು ಅವರು ಕೈ ಎತ್ತಿದರು. "ನಗಬೇಡಿ. ನನಗೆ ಗೊತ್ತಿತ್ತು! ಮೂರೂ ಒಂದೇ ಹಾಲು ಅಂತ ಮಧ್ಯಾಹ್ನವೇ ಗೊತ್ತಿತ್ತು. ಇಗೋ ನೋಡಿ ಯಂತ್ರದ ಚೀಟಿ. ಓದಿ!"

ಚೀಟಿ ಕೈಯಿಂದ ಕೈಗೆ ಹೋಗಿ ನರ್ಸಮ್ಮನ ಹತ್ತಿರ ನಿಂತಿತು. ಅವರು ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದಿದರು. ಮೂರು ಪಾಯಿಂಟ್ ಒಂದು, ಮೂರು ಪಾಯಿಂಟ್ ಒಂದು, ಮೂರು ಪಾಯಿಂಟ್ ಒಂದು. ಬೆರೆಸಿದ ನೀರು ಇಲ್ಲ.

"ನೋಡಿದ್ರಾ!" ಎಂದರು ಲ್ಯಾಬ್ ಸಾರ್.

"ನೋಡಿದ್ವಿ" ಎಂದಳು ಟೈಲರಮ್ಮ. ಅವಳ ದನಿ ಈ ಸಲ ಎಲ್ಲರಿಗೂ ಕೇಳಿಸಿತು. "ಹಾಲು ಒಳ್ಳೇದು ಅಂತ ಗೊತ್ತಿದ್ದೂ ಸೋಪು ಅಂ​ದ್ರಿ. ಗೊತ್ತಿಲ್ದೆ ಹೇಳಿದ್ರೆ ದಡ್ಡರು ಅಂದ್ಕೊಂಡು ಸುಮ್ನಾಗ್ತಿದ್ದೆ ಸಾರ್."

ನರ್ಸಮ್ಮ ಇನ್ನೂ ಓದುತ್ತಲೇ ಇದ್ದರು. ಔಷಧಿಯ ಚೀಟಿಗಳನ್ನು ಕೊನೆಯ ಅಕ್ಷರದವರೆಗೆ ಓದಿ ಅಭ್ಯಾಸವಾದವರು.

"ಪರೀಕ್ಷಿಸಿದವರು, ಕೆಮಿಸ್ಟ್. ಸಹಿ ಇದೆ, ಇದು ಬೇರೆ ಯಾರದ್ದೋ. ಅದರ ಕೆಳಗೆ... ಲೇಬಲ್ ಬರೆದು ಅಂಟಿಸಿದವರು, ಬಾಟಲಿ ತೊಳೆದವರು, ಲೇಬಲ್ ಗುಮಾಸ್ತ. ಇಲ್ಲೂ ಸಹಿ ಇದೆ." ಅವರು ಒಂದು ಕೈಯಲ್ಲಿ ಚೀಟಿ, ಇನ್ನೊಂದು ಕೈಯಲ್ಲಿ ಲ್ಯಾಬ್ ಸಾರ್ ಕೈಯಿಂದ ಎಳೆದುಕೊಂಡ ತೀರ್ಪಿನ ಕಾಗದ ಹಿಡಿದು ಬೆಳಕಿಗೆ ಒಡ್ಡಿದರು. "ಎರಡೂ ಒಂದೇ ಸಹಿ. ಸಾರ್, ಇದು ನಿಮ್ದಲ್ವಾ?"

ಈ ಸಲ ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು ಎಂದು ಲ್ಯಾಬ್ ಸಾರ್‌ಗೆ ಅನಿಸಿತು. ಹತ್ತೊಂಬತ್ತು ವರ್ಷ ಯಾರಿಗೂ ತೋರಿಸದೆ ಬಚ್ಚಿಟ್ಟದ್ದನ್ನು ಈಗ ತಾವೇ, ಓದಿ ಓದಿ ಎಂದು ಬಲವಂತ ಮಾಡಿ, ಹನ್ನೆರಡು ಮನೆಗೂ ಹಂಚಿದ್ದರು. ಮುಂದಿನ ಸಾಲಿನ ಕುರ್ಚಿ ಕಾಲಿಗೆ ತಾಗಿತು. ಅದರ ಮೇಲೆ ಕೂರುವುದೋ ಬಿಡುವುದೋ ತಿಳಿಯದೆ ಅರ್ಧ ಬಾಗಿ ಹಾಗೆಯೇ ನಿಂತರು.

ಡ್ರಿಲ್ ಮೇಷ್ಟ್ರು ಕೆಮ್ಮಿದರು. "ಏನೇ ಆಗ್ಲಿ, ನನ್ನ ಎ-ಟು ಕಳಪೆ ಅಂತ ಈ ಚೀಟೀಲಿ ಎಲ್ಲೂ ಬರೆದಿಲ್ಲ. ಅಂದ ಮೇಲೆ ಅದು ಗೆದ್ದ ಹಾಗೇ" ಎಂದರು. ನರ್ಸಮ್ಮ ಕೆನೆ ತೆಗೆದದ್ದೂ ಗೆದ್ದಿದೆ ಎಂದರು. ಮತ್ತೆ ಮಂಡಿ, ಹೃದಯ, ಆಯುಸ್ಸು ಎಲ್ಲ ಶುರುವಾಯಿತು. ಅರ್ಧ ಗಂಟೆ ಕೂಗಾಡಿ, ಯಾರೂ ಯಾರ ಹಾಲನ್ನೂ ಕುಡಿಯಲು ಒಪ್ಪದೆ, ಮೂರು ಗಾಡಿಗಳೂ ಬರಲಿ, ಹಾರನ್ನು ಹೊಡೆದರೆ ಹೊಡೆಯಲಿ ಎಂದು ತೀರ್ಮಾನವಾಯಿತು. ಅಷ್ಟಕ್ಕೇ ಸಭೆ ಸೇರಿದ್ದು.

ಎಲ್ಲರೂ ಏಳುವ ಹೊತ್ತಿಗೆ ಟೈಲರಮ್ಮ, "ಮೇಷ್ಟ್ರೇ, ಒಂದು ಮಾತು" ಎಂದಳು. "ಗಾಡಿ ಮೂರಾದ್ರೂ ಬರ್ಲಿ ಆರಾದ್ರೂ ಬರ್ಲಿ. ಗೇಟಿನ ಹತ್ರ ಚೀಲ ಅದಲು ಬದಲಾಗೋದು ನಿಲ್ಬೇಕು. ಇವತ್ತಿನ ತಕರಾರೆಲ್ಲ ಅದರಿಂದಲೇ ಆದದ್ದು. ಚೀಲಗಳ ಮೇಲೆ ಹೆಸರಿನ ಚೀಟಿ ಇದ್ರೆ ಆಯ್ತು. ಬರೆಯೋರು ಹೇಗೂ ನಮ್ಮಲ್ಲೇ ಇದ್ದಾರೆ."

ಆ ಸಂಘದ ಇತಿಹಾಸದಲ್ಲಿ ಒಂದೇ ಒಂದು ನಿರ್ಣಯ ಒಬ್ಬರೂ ವಿರೋಧಿಸದೆ ಪಾಸಾದದ್ದು ಅದು. ಡ್ರಿಲ್ ಮೇಷ್ಟ್ರು ಸೀಟಿ ಊದಿದರು. ಐದು ನಿಮಿಷದಲ್ಲಿ ಹನ್ನೆರಡು ಮನೆಯ ಚೀಲಗಳು ಬಂದು ಲ್ಯಾಬ್ ಸಾರ್ ಮುಂದೆ ಬಿದ್ದವು. ಮುಂದಿನ ಸಾಲಿನ ಕುರ್ಚಿಯನ್ನು ಅವರಿಗೇ ಬಿಟ್ಟುಕೊಟ್ಟರು, ಎದುರಿಗೆ ಒಂದು ಸ್ಟೂಲನ್ನೂ ಹಾಕಿದರು. "ದಪ್ಪ ಅಕ್ಷರದಲ್ಲಿ ಬರೀರಿ, ನನಗೆ ಬೆಳಗ್ಗೆ ಕನ್ನಡಕ ಇರಲ್ಲ" ಎಂದರು ಮೇಷ್ಟ್ರು. ಸಾರ್ ಎನ್ನಲಿಲ್ಲ.

ಹೆಂಡತಿ ಮೇಲೆ ಹೋಗಿ ಚೀಟಿಯ ಸುರುಳಿ, ಪೆನ್ನು, ಅಂಟಿನ ಡಬ್ಬಿ ತಂದು ಸ್ಟೂಲಿನ ಮೇಲಿಟ್ಟಳು.

"ನಿನಗೆ ಗೊತ್ತಿತ್ತಾ?" ಎಂದು ಅವರು ತಲೆ ಎತ್ತದೆ ಕೇಳಿದರು.

"ಮದುವೆಯಾದಾಗಿನಿಂದ ನಿಮ್ಮ ಅಂಗಿ ತೋಳಿನ ಅಂಟು ತಿಕ್ಕಿ ತೊಳೀತಾ ಇದ್ದೀನಿ. ಅಷ್ಟೂ ಗೊತ್ತಾಗಲ್ವಾ?" ಎಂದಳು.

ಅವರು ಬರೆಯತೊಡಗಿದರು. ಅಕ್ಷರಗಳು ಮುದ್ದಾಗಿಯೇ ಬಂದವು, ಒಂದೂ ತಲೆಕೆಳಗಾಗಲಿಲ್ಲ. ಡ್ರಿಲ್ ಮೇಷ್ಟ್ರು. ನರ್ಸಮ್ಮ. ಟೈಲರಮ್ಮ. ಹನ್ನೊಂದು ಮುಗಿದು ಕೊನೆಯ ಚೀಲ ಕೈಗೆ ಬಂದಾಗ ಪೆನ್ನು ನಿಂತಿತು. ಅದು ಅವರ ಮನೆಯ ಚೀಲ. ಕಟ್ಟಡದಲ್ಲಿ ಎಲ್ಲರಿಗೂ ಗೊತ್ತಿದ್ದ ಹೆಸರು ಒಂದೇ ಇತ್ತು, ಅದನ್ನು ಬರೆಯುವಂತಿರಲಿಲ್ಲ.

ಹೆಂಡತಿ ಚೀಟಿಯತ್ತ ಬೆರಳು ತೋರಿಸಿದಳು. "ನನ್ನ ಹೆಸರು ಬರೀರಿ" ಎಂದಳು. "ಹಾಲು ತರೋಳು ನಾನು ತಾನೆ."

ಅವರು ಅವಳ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದು, ಅಂಟು ಸವರಿ, ಚೀಟಿ ಹಿಡಿದುಕೊಳ್ಳುವವರೆಗೆ ಹೆಬ್ಬೆರಳಿನಿಂದ ಒತ್ತಿ ಹಿಡಿದರು.